ರಿಪೋರ್ಟಿನ್ಯಾಗ ‘ಪಾಸಿಟಿವ್’ ಅಂದ್ರ ಏನ್ರಿ?

ಎದಿಯಾಗಿನ ಗಂಟಿನ ತುಣುಕು ತಗದು ತಪಾಸ ಮಾಡಿದ ಮ್ಯಾಲೆ ಅದು ಕ್ಯಾನ್ಸರ್ ಅಂತ ಗೊತ್ತಾದ್ರ, ರಿಪೋರ್ಟಿನ್ಯಾಗ ಇ.ಆರ್., ಪಿ.ಆರ್., ಹರ್-2 ಅಂತ ಮೂರು ಹೆಸರು ಇರತಾವ. ಅವುಗಳ ಮುಂದ ‘ಪಾಸಿಟಿವ್’ ಅಂತ ಓದಿದ ಕೂಡಲೆ ನಮ್ಮ ಹೆಣ್ಮಕ್ಕಳು ಇನ್ನೂ ಅರ್ಧ ಆಗಿಬಿಡತಾರ. ಖರೇ ಅಂದ್ರ ಅವು ಮೂರೂ ಪ್ರೋಟೀನ್. ಆ ಗಂಟಿನ ಗುಣ ಎಂಥಾದ್ದು, ಯಾವ ಔಷಧ ಹತ್ತತೈತಿ ಅನ್ನೋದನ್ನ ಹೇಳತಾವ. ಇಷ್ಟು ತಿಳಕೊಳ್ಳಾಕ ನೂರು ವರ್ಷ ಹಿಡೀತು ನೋಡ್ರಿ.

1896ರಾಗ ಸ್ಕಾಟ್ಲೆಂಡಿನ ಗ್ಲಾಸ್ಗೋದ ಡಾಕ್ಟರ್ ಜಾರ್ಜ್ ಬೀಟ್ಸನ್ ಒಂದು ವರದಿ ಬರದ್ರು. ಸ್ತನ ಕ್ಯಾನ್ಸರ್ ಕೈಮೀರಿದ ಒಬ್ಬ ಹೆಣ್ಮಗಳ ಅಂಡಾಶಯ ತಗದಾಗ ಎದಿಯ ಗಂಟು ಕರಗಿತ್ತು. ಯಾಕ ಅಂತ ಯಾರಿಗೂ ತಿಳೀಲಿಲ್ಲ. ಆಗಿನ್ನೂ ‘ಹಾರ್ಮೋನ್’ ಅನ್ನೋ ಶಬ್ದನ ಹುಟ್ಟಿರಲಿಲ್ಲ. ಮುಂದ ಭಾಳ ಮಂದಿಗೆ ಇದ ಆಪರೇಷನ್ ಮಾಡಿದ್ರು. ಸುಮಾರು ಮೂವರಾಗ ಒಬ್ಬಾಕಿಗೆ ಗುಣ ಕಂಡಿತು. ಉಳಿದ ಇಬ್ಬರು ಹೊಟ್ಟಿ ಕೊಯ್ಸಿಕೊಂಡದ್ದು ದಂಡ ಆತು. ಯಾರಿಗೆ ಹತ್ತತೈತಿ ಅಂತ ಮೊದಲ ಹೇಳೋ ದಾರಿನ ಇರಲಿಲ್ಲ.

ಆ ದಾರಿ ಸಿಕ್ಕಿದ್ದು ಅಮೆರಿಕದ ಶಿಕಾಗೋದಾಗ. 1950ರ ದಶಕದ ಕೊನಿಗೆ ಎಲ್ವುಡ್ ಜೆನ್ಸನ್ ಅನ್ನೋ ವಿಜ್ಞಾನಿ ಈಸ್ಟ್ರೋಜನ್ ಹಾರ್ಮೋನಿಗೆ ವಿಕಿರಣದ ಗುರುತು ಹಚ್ಚಿ, ಇಲಿಗೆ ಕೊಟ್ಟು, ಎಲ್ಲಿ ಹೋಗತೈತಿ ಅಂತ ನೋಡಿದ್ರು. ಅದು ಗರ್ಭಕೋಶದಾಗ ಒಂದು ಪ್ರೋಟೀನಿಗೆ ಅಂಟಿಕೊಂಡು ನಿಂತಿತ್ತು. ಅದನ್ನ ರಿಸೆಪ್ಟರ್ ಅಂದ್ರು. ಹಾರ್ಮೋನ್ ಕೀಲಿಕೈ ಇದ್ದಂಗ, ರಿಸೆಪ್ಟರ್ ಕೀಲಿ ಇದ್ದಂಗ. ಗಂಟಿನಾಗ ಈ ಕೀಲಿ ಇದ್ದವರಿಗೆ ಹಾರ್ಮೋನ್ ತಡಿಯೋ ಚಿಕಿತ್ಸೆ ಹತ್ತೋ ಸಂಭವ ಹೆಚ್ಚು, ಇಲ್ಲದವರಿಗೆ ಭಾಳ ಕಡಿಮಿ ಅಂತ ಆಮ್ಯಾಲೆ ತಿಳೀತು. ಇ.ಆರ್. ಅಂದ್ರ ಇದ. ಪಿ.ಆರ್. ಅಂದ್ರ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನಿನ ಕೀಲಿ.

ಕೀಲಿಗೆ ಅಡ್ಡ ನಿಲ್ಲೋ ಗುಳಿಗಿನೂ ಬಂತು, ಟಾಮಾಕ್ಸಿಫೆನ್. 1960ರ ದಶಕದಾಗ ಇಂಗ್ಲೆಂಡಿನಾಗ ಗರ್ಭ ತಡಿಯಾಕ ಹುಡುಕಿದ ಔಷಧ ಅದು. ಆ ಕೆಲಸಕ್ಕ ಬರಲಿಲ್ಲ. ಆದ್ರ 1977ರಾಗ ಅಮೆರಿಕದಾಗ ಸ್ತನ ಕ್ಯಾನ್ಸರಿಗೆ ಒಪ್ಪಿಗಿ ಸಿಕ್ಕಿತು.

ಹರ್-2 ಕಥಿ ಬ್ಯಾರೆ. 1987ರಾಗ ಲಾಸ್ ಏಂಜಲಿಸ್‌ನ ಡೆನ್ನಿಸ್ ಸ್ಲಾಮನ್ ಮತ್ತು ಜೊತೆಗಾರರು 189 ಗಂಟು ತಪಾಸ ಮಾಡಿ, ಹರ್-2 ಜೀನಿನ ಪ್ರತಿಗಳು ಹೆಚ್ಚಿದ್ದವರಿಗೆ ಬ್ಯಾನಿ ಲಗೂನ ಮರಳಿ ಬರತೈತಿ ಅಂತ ತೋರಿಸಿದ್ರು. ಆಗ ಪಾಸಿಟಿವ್ ಅಂದ್ರ ಖರೇನ ಕೆಟ್ಟ ಸುದ್ದಿ. 1998ರಾಗ ಅದ ಪ್ರೋಟೀನನ್ನ ಹಿಡಿಯೋ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂತು. ಗುರುತು ಅದ ಉಳೀತು, ಅರ್ಥ ಬದಲಾತು. 2014ರಾಗ ನಮ್ಮ ಬೆಂಗಳೂರಿನ ಬಯೋಕಾನ್ ಇದರ ಇನ್ನೊಂದು ರೂಪನ ಕಡಿಮಿ ಬೆಲಿಗೆ ತಂತು. ಆದ್ರೂ ಬಡವರಿಗೆ ಅದು ಭಾರನ.

ಮೂರೂ ನೆಗೆಟಿವ್ ಬಂದ್ರ ಹಗುರ ಅಂತಲ್ರಿ. ಈ ಮೂರು ಕೀಲಿಯ ಔಷಧ ಅವರಿಗೆ ಹತ್ತೂದಿಲ್ಲ, ಅವರಿಗೆ ಮುಖ್ಯ ಆಸರ ಕೀಮೋ. ಅದಕ ವೈನಿ, ಕಾಕು, ಅಕ್ಕಂದಿರ, ರಿಪೋರ್ಟ್ ಕೈಗೆ ಬಂದಾಗ ಅಳೂಕಿಂತ ಮೊದಲ ಡಾಕ್ಟರಿಗೆ ಕೇಳ್ರಿ: “ಈ ಮೂರು ಏನು ಬಂದಾವ್ರಿ, ಅದರ ಪ್ರಕಾರ ನನಗ ಯಾವ ಔಷಧ?” ಹಂಗ ಕೇಳಾಕ ನಾಚಿಕಿ ಬ್ಯಾಡ. ಈ ಉತ್ತರ ಇಲ್ಲದ ಎಷ್ಟೋ ಹೆಣ್ಮಕ್ಕಳು ಸುಮ್ನ ಹೊಟ್ಟಿ ಕೊಯ್ಸಿಕೊಂಡ್ರು.