ವಿಡಿಯೊ ಗೇಮ್‌ಗಳಲ್ಲಿ ಆಂಡ್ರಾಯ್ಡ್
ಆಂಡ್ರಾಯ್ಡ್ ಎಂಬ ಮನುಷ್ಯರೂಪದ ಯಂತ್ರಗಳನ್ನು ಮನುಷ್ಯ ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು ವೈಜ್ಞಾನಿಕ ಕಲ್ಪನೆಯ ಗೇಮ್‌ಗಳ ಮುಖ್ಯ ವಸ್ತುಗಳಲ್ಲೊಂದು. ಈ ವಸ್ತು ಗೇಮ್‌ಗಳಿಗಿಂತ ಹಳೆಯದು: ನಾಟಕಕಾರ ಕರೆಲ್ ಚಾಪೆಕ್‌ನ ‘ಆರ್.ಯು.ಆರ್.’ (1920) ನಾಟಕದಲ್ಲೇ ದುಡಿಮೆಗೆಂದು ತಯಾರಾದ ರೋಬಾಟ್‌ಗಳು ದಂಗೆಯೇಳುತ್ತವೆ. ‘ಫಾಲ್‌ಔಟ್ 4’ (2015) ಗೇಮ್‌ನಲ್ಲಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ‘ಸಿಂತ್’ ಎಂಬ ಮನುಷ್ಯರೂಪಿ ಯಂತ್ರಗಳನ್ನು ತನ್ನ ಸ್ವತ್ತೆಂದು ಎಣಿಸುತ್ತದೆ, ರೈಲ್‌ರೋಡ್ ಎಂಬ ಗುಪ್ತ ಸಂಘಟನೆ ಅವುಗಳನ್ನು ಪಾರುಮಾಡುತ್ತದೆ. ರೈಲ್‌ರೋಡ್ ಎಂಬ ಹೆಸರು ಅಮೆರಿಕದಲ್ಲಿ ಗುಲಾಮರ ಪಲಾಯನಕ್ಕೆ ನೆರವಾದ ಗುಪ್ತಜಾಲವನ್ನು ನೆನಪಿಸುತ್ತದೆ. ಪ್ಯಾರಿಸ್ಸಿನ ಕ್ವಾಂಟಿಕ್ ಡ್ರೀಮ್ ಸಂಸ್ಥೆ ರೂಪಿಸಿದ ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ (2018) 2038ರಲ್ಲಿ ನಡೆಯುತ್ತದೆ. ಅಲ್ಲಿ ಆಂಡ್ರಾಯ್ಡ್‌ಗಳಿಗೆ ಬಸ್ಸಿನ ಹಿಂಭಾಗವೇ ಗತಿ. ಕಾರಾ, ಕಾನರ್, ಮಾರ್ಕಸ್ ಎಂಬ ಆಂಡ್ರಾಯ್ಡ್‌ಗಳ ಪರವಾಗಿ ಆಟಗಾರನೇ ತೀರ್ಮಾನಿಸಬೇಕಾದ್ದರಿಂದ ಅವಮಾನದ ಬಿಸಿ ನೇರವಾಗಿ ತಟ್ಟುತ್ತದೆ. ಗೇಮ್ ಮಾಧ್ಯಮದ ದೊಡ್ಡ ಶಕ್ತಿ ಇದೇ.