ಮಂಗಳೂರಿನ ಪರದೇಶಿ ವರ್ತಕ ಮತ್ತು ಅವನ ಗೆಳೆಯರು

ದುಬೈಗೋ ಮಸ್ಕತ್ತಿಗೋ ದುಡಿಯಲು ಹೋದವರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನೆರೆಮನೆಯಲ್ಲಾದರೂ ಇದ್ದಾರು. ಅರಬ್ಬೀ ಸಮುದ್ರದಾಚೆ ಹೋಗಿ ಬದುಕು ಕಟ್ಟಿಕೊಳ್ಳುವುದು ಇತ್ತೀಚಿನ ಸಂಗತಿಯೆಂದು ನೀವು ಭಾವಿಸಿರಬಹುದು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಇದೇ ಸಮುದ್ರವನ್ನು ಎದುರು ದಿಕ್ಕಿನಿಂದ ದಾಟಿ ಬಂದು ಮಂಗಳೂರಿನಲ್ಲಿ ಸಂಸಾರ ಹೂಡಿದ ಒಬ್ಬ ವರ್ತಕನ ಕಥೆಯನ್ನು ಇಲ್ಲಿ ಹೇಳುತ್ತೇನೆ. ಅವನು ರಾಜನಲ್ಲ, ದಂಡನಾಯಕನಲ್ಲ. ಅವನ ಹೆಸರಿನ ಶಾಸನವೂ ಇಲ್ಲ. ಅವನನ್ನು ನಾವು ಅರಿತಿರುವುದು ಅವನಿಗೆ ಬಂದ ಪತ್ರಗಳಿಂದ, ಅವನು ಬರೆದ ಪತ್ರಗಳಿಂದ.

ಈ ಪತ್ರಗಳು ಉಳಿದ ಬಗೆಯೇ ಒಂದು ಸ್ವಾರಸ್ಯ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಸುಡಬಾರದು, ಬಿಸಾಡಬಾರದು ಎಂಬುದು ಯಹೂದಿಗಳ ನಂಬಿಕೆ. ಹಳೆಯ ಕೈರೋ ಎನಿಸಿದ ಫುಸ್ತಾತ್ ನಗರದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಇಂಥ ಕಾಗದಗಳನ್ನು ಒಂದು ಕೋಣೆಯೊಳಗೆ ಹಾಕುತ್ತಿದ್ದರು. ಅದಕ್ಕೆ ಗೆನಿಜಾ ಎಂದು ಹೆಸರು. ಧರ್ಮಗ್ರಂಥದ ಹಾಳೆಗಳ ಜೊತೆಗೆ ಲೆಕ್ಕಪತ್ರ, ಕರಾರು, ಮನೆಮಾತಿನ ಓಲೆಗಳೂ ಅಲ್ಲಿ ಶತಮಾನಗಳ ಕಾಲ ರಾಶಿಬಿದ್ದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಆ ರಾಶಿಯಿಂದ ಹಿಂದೂ ಮಹಾಸಾಗರದ ವರ್ತಕರ ಕಾಗದಗಳನ್ನು ಹೆಕ್ಕಿ ಓದಿದವರು ಎಸ್.ಡಿ. ಗೊಯ್ಟೈನ್. ಭಾಷೆ ಅರಬ್ಬೀ, ಲಿಪಿ ಹೀಬ್ರೂ.

ನಮ್ಮ ವರ್ತಕನ ಹೆಸರು ಅಬ್ರಹಾಂ ಬೆನ್ ಯಿಜು. ಊರು ಇಂದಿನ ಟ್ಯುನೀಷಿಯಾದ ಕಡಲತೀರದ ಮಹದಿಯಾ. ಅಲ್ಲಿಂದ ಯೆಮೆನ್ನಿನ ಏಡನ್ ಬಂದರಿಗೆ ಬಂದು, ಅಲ್ಲಿಂದ ಮುಂದೆ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಅವನು ಏಡನ್ನಿಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಒಂದು ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್ನಿನಿಂದ ಹಳೆಯ, ಒಡೆದ ಪಾತ್ರೆಗಳು ಬರುತ್ತಿದ್ದವು. ನಮ್ಮ ಕಂಚುಗಾರರ ಕೈಯಲ್ಲಿ ಹೊಸ ತಟ್ಟೆ, ಬಟ್ಟಲುಗಳಾಗಿ ಮರಳುತ್ತಿದ್ದವು.

ಏಡನ್ನಿನಲ್ಲಿ ಅವನಿಗೆ ಮೂವರು ಗೆಳೆಯರು: ಅಲ್ಲಿನ ವರ್ತಕರ ಮುಖ್ಯಸ್ಥ ಮದ್‌ಮೂನ್, ಅವನ ಬಂಧುಗಳಾದ ಖಲಾಫ್ ಮತ್ತು ಜೋಸೆಫ್. ಈ ಸ್ನೇಹ ಎಂಥದು ಎಂಬುದನ್ನು ನೀವು ಗಮನಿಸಬೇಕು. ಹಡಗುಗಳು ಮಳೆಗಾಳಿಯನ್ನು ನಂಬಿ ಓಡುತ್ತಿದ್ದ ಕಾಲ. ಒಂದು ಪ್ರಶ್ನೆಗೆ ಉತ್ತರ ಸಿಗಲು ಒಂದು ವರ್ಷ ಹಿಡಿಯುವುದು ಸಾಮಾನ್ಯ. ಅಷ್ಟು ದೂರದಲ್ಲಿ ಒಬ್ಬರ ಹಣ ಇನ್ನೊಬ್ಬರ ಕೈಯಲ್ಲಿ. ಮೋಸವಾದರೆ ಓಡಿಹೋಗಿ ದೂರು ಕೊಡುವ ಕಟ್ಟೆಯಿಲ್ಲ. ಹೀಗಾಗಿ ನಂಬಿಕೆಯೇ ಬಂಡವಾಳ. ಪತ್ರದ ತುಂಬ ಮೆಣಸಿನ ತೂಕ, ದಿನಾರಿನ ಲೆಕ್ಕ. ಕೊನೆಗೆ ಮಾತ್ರ ಸಣ್ಣದೊಂದು ಪಟ್ಟಿ: ಸಕ್ಕರೆ, ಒಣದ್ರಾಕ್ಷಿ, ಕಾಗದ. ಇವು ಮಾರಾಟಕ್ಕಲ್ಲ, ಉಡುಗೊರೆ. ಕಾಗದವೇಕೆಂದರೆ, ಇಲ್ಲಿ ಬರೆಯುತ್ತಿದ್ದುದು ತಾಳೆಗರಿಯ ಮೇಲೆ. ಓದುಬರಹ ಬಲ್ಲ ಬೆನ್ ಯಿಜುವಿಗೆ ಕಾಗದವಿಲ್ಲದೆ ಆಗದು ಎಂಬುದು ಗೆಳೆಯರಿಗೆ ಗೊತ್ತಿತ್ತು.

ಹಾಗೆಂದು ಅವರ ನಡುವೆ ಮನಸ್ತಾಪ ಬರಲಿಲ್ಲವೆಂದಲ್ಲ. ಏಲಕ್ಕಿ ಕೊಡುವೆನೆಂದು ಮುಂಗಡ ಪಡೆದ ಇಲ್ಲಿನ ಒಬ್ಬ ದಲ್ಲಾಳಿ ಮಾಲು ಕೊಡಲಿಲ್ಲ. ಏಡನ್ನಿನವರು ಮುಲಾಜಿಲ್ಲದೆ ಆ ನಷ್ಟವನ್ನು ಬೆನ್ ಯಿಜುವಿನ ಲೆಕ್ಕಕ್ಕೇ ಬರೆದರು. ಆದರೂ ಪತ್ರ ನಿಲ್ಲಲಿಲ್ಲ. ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನೋಡುತ್ತಿದ್ದವನು ಅವನ ದಾಸ. ಕುಡಿದು ಹೆಚ್ಚು ಹಣ ಕೇಳಿದನೆಂದು ಅವನ ಮೇಲೆ ಒಮ್ಮೆ ದೂರು ಬಂತು. ಆದರೂ ಪತ್ರಗಳಲ್ಲಿ ಅವನನ್ನು ಸೋದರನೆಂದು ಕರೆದು ಕುಶಲ ಕೇಳಿದ್ದಾರೆ. ಸ್ವರಚಿಹ್ನೆಯಿಲ್ಲದ ಹೀಬ್ರೂ ಲಿಪಿಯಲ್ಲಿ ಅವನ ಹೆಸರು ಬರೀ ಮೂರು ಅಕ್ಷರ. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ.ಎ. ವಿವೇಕ ರೈ ಅವರೊಡನೆ ಚರ್ಚಿಸಿ, ಅದು 'ಬೊಮ್ಮ' ಎಂದು ನಿರ್ಧರಿಸಿದರು. ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' 1992ರಲ್ಲಿ ಪ್ರಕಟವಾಯಿತು. ಕನ್ನಡಿಗರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ.

ಇನ್ನು ಅವನ ಸಂಸಾರ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ಪತ್ರ ಬರೆದು, ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆಕೆಗೆ ಬೆರಾಖಾ ಎಂಬ ಹೀಬ್ರೂ ಹೆಸರಾಯಿತು. ಆಶೀರ್ವಾದ ಎಂದು ಅರ್ಥ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಆಮೇಲಿನ ಪತ್ರಗಳಲ್ಲಿ ಮಕ್ಕಳಿಗೆ ಶುಭಾಶಯಗಳಿವೆ, ಬೊಮ್ಮನಿಗೂ ಇವೆ. ಅಶುವಿನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಗೆಳೆಯರ ಸೌಜನ್ಯಕ್ಕೂ ಒಂದು ಗೆರೆ ಇತ್ತು ಎಂದೇ ನನಗೆ ತೋರುತ್ತದೆ. ಪರದೇಶದಲ್ಲಿ ಕಟ್ಟಿದ ಮನೆಯ ಒಡತಿ ಆ ಗೆರೆಯ ಆಚೆ ಉಳಿದಳು.

1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನ ಸೇನೆ ಮಹದಿಯಾವನ್ನು ಹಿಡಿಯಿತು. ತವರಿನ ಸುದ್ದಿ ಕೇಳಿ ತಳಮಳಗೊಂಡ ಬೆನ್ ಯಿಜು, ಮಕ್ಕಳೊಡನೆ ಏಡನ್ನಿಗೆ ಮರಳಿ, 1149ರ ಸೆಪ್ಟೆಂಬರಿನಲ್ಲಿ ಒಡಹುಟ್ಟಿದವರಿಗೆ ಪತ್ರ ಬರೆದ. ತನ್ನ ಗಳಿಕೆ ಎಲ್ಲರಿಗೂ ಸಾಕಾಗುವಷ್ಟಿದೆ, ಬನ್ನಿ ಎಂಬುದೇ ಅದರ ಸಾರ. ಕರೆಗೆ ಓಗೊಟ್ಟು ಬಂದ ಸೋದರ ಮುಬಶ್ಶಿರ್ ಅವನ ಸಾವಿರ ದಿನಾರ್ ನುಂಗಿಹಾಕಿದ. ಎರಡು ದಿನಾರಿದ್ದರೆ ಸಾಧಾರಣ ಕುಟುಂಬವೊಂದರ ಒಂದು ತಿಂಗಳು ಸಾಗುತ್ತಿತ್ತೆಂದು ಗೊಯ್ಟೈನ್ ಅಂದಾಜಿಸಿದ್ದಾರೆ. ಅಂದರೆ ನಲವತ್ತು ವರ್ಷಕ್ಕೂ ಮಿಕ್ಕಿದ ಸಂಸಾರದ ಖರ್ಚು! ಸಮುದ್ರದಾಚೆಯ ಗೆಳೆಯರು ಇಷ್ಟು ವರ್ಷ ಕಾಯ್ದುಕೊಂಡ ನಂಬಿಕೆಯನ್ನು ಒಡಹುಟ್ಟಿದವನು ಮುರಿದ.

ಇದೇ ಹೊತ್ತಿಗೆ ಗಂಡುಮಕ್ಕಳಿಬ್ಬರೂ ತೀರಿಕೊಂಡರು. ಉಳಿದವಳು ಮಗಳು, ಸಿತ್ ಅಲ್-ದಾರ್, ಮನೆಯೊಡತಿ ಎಂದರ್ಥ. ಬೆನ್ ಯಿಜು ಯೆಮೆನ್ನಿನ ಬೆಟ್ಟದೂರು ಧೂ ಜಿಬ್ಲಾದಲ್ಲಿದ್ದ ಮೂರು ವರ್ಷ ಆಕೆಯನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಲಹಿದವನು ಗೆಳೆಯ ಖಲಾಫ್. ಅವನು ತನ್ನ ಮಗನಿಗೆ ಆಕೆಯನ್ನು ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ಸಿಸಿಲಿಯಲ್ಲಿ ಬಡತನದಲ್ಲಿದ್ದ ಇನ್ನೊಬ್ಬ ಸೋದರ ಜೋಸೆಫನಿಗೆ ಈ ಸಂಗತಿ ತಿಳಿಸಿ, ಪರರಿಗಿಂತ ನಿನ್ನ ಮಗನಿಗೇ ಅವಳ ಮೇಲೆ ಹಕ್ಕು ಹೆಚ್ಚು ಎಂದು ಬರೆದ.

ನಮಗೆ ಈ ಮಾತು ವಿಚಿತ್ರವೆನಿಸುತ್ತದೆ. ತಂದೆಯ ಅಣ್ಣತಮ್ಮಂದಿರ ಮಕ್ಕಳು ನಮ್ಮಲ್ಲಿ ಅಣ್ಣತಂಗಿಯರೇ ಸರಿ. ಅಳಿಯಸಂತಾನ ಪದ್ಧತಿ ಬಹುಕಾಲ ನಡೆದುಬಂದ ತುಳುನಾಡಿನಲ್ಲಂತೂ ಹೆಣ್ಣುಮಗಳು ತಾಯಿಯ ಮನೆತನಕ್ಕೆ ಸೇರಿದವಳು. ಬೆನ್ ಯಿಜು ಆರಿಸಿಕೊಂಡದ್ದು ತನ್ನ ತಂದೆಯ ಕುಲದ ದಾರಿಯನ್ನು. ಕಂಡೇ ಇರದ ಸೋದರನ ಮಗನಿಗಾಗಿ ಅವನು ಗೆಳೆಯನ ಮಾತನ್ನು ತಳ್ಳಿದ್ದನ್ನು ಕೃತಘ್ನತೆ ಎಂದು ನಾನು ಹೇಳಲಾರೆ. ಮಕ್ಕಳನ್ನು ಕಳೆದುಕೊಂಡು, ಊರು ಶತ್ರುವಿನ ಪಾಲಾದ ಮೇಲೆ, ಮನೆತನವೆಂಬುದು ಅವನಿಗೆ ಉಳಿದಿದ್ದ ಒಂದೇ ನೆಲ. ಆದರೆ ಖಲಾಫನಿಗೆ ಏನೆನಿಸಿತೋ ನೀವೇ ಊಹಿಸಿ.

ಸೋದರನ ಮಗ ಪೆರಹ್ಯಾ ಸಿಸಿಲಿಯಿಂದ ಈಜಿಪ್ಟಿಗೆ ಬಂದ. 1156ರಲ್ಲಿ, ಫುಸ್ತಾತ್ ನಗರದಲ್ಲಿ, ಅಶುವಿನ ಮಗಳಿಗೂ ಅವನಿಗೂ ಮದುವೆಯಾಯಿತು.