ಲೋಟದ ತಳದ ಸಬ್ಬಕ್ಕಿ

ಕಳೆದ ಬೇಸಿಗೆಯ ರಜೆಗೆ, ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಬಂದ ಮೂರನೆಯ ದಿನವೇ ಮಧ್ಯಾಹ್ನವೆಲ್ಲ ಅಡಿಗೆಮನೆಯನ್ನು ಆಕ್ರಮಿಸಿಕೊಂಡು, ಸಂಜೆ ಎತ್ತರದ ಗಾಜಿನ ಲೋಟವೊಂದನ್ನು ತಂದು ನನ್ನ ಮುಂದಿಟ್ಟಳು. ಹಾಲು ಬೆರೆತ ತಣ್ಣನೆಯ ಚಹಾ. ಮೇಲೆ ತೇಲುವ ಮಂಜುಗಡ್ಡೆ. ತಳದಲ್ಲಿ ಮಕ್ಕಳಾಡುವ ಗೋಲಿಗಿಂತ ಸ್ವಲ್ಪ ಚಿಕ್ಕದಾದ ಕಪ್ಪು ಉಂಡೆಗಳು. ಅವನ್ನು ಹೀರಲು ಬೆರಳಿನಷ್ಟು ದಪ್ಪದ ಕೊಳವೆ. "ಬಬಲ್ ಟೀ, ತಾತ" ಎಂದಳು. ನಾನು ಲೋಟವನ್ನು ಮುಟ್ಟಲೂ ಇಲ್ಲ. "ಇದು ಯಾವ ದೇಶದ ಹುಚ್ಚು? ನಮ್ಮದಲ್ಲದ್ದನ್ನೆಲ್ಲ ಏಕೆ ಮನೆಯೊಳಕ್ಕೆ ತರುತ್ತೀ?" ಎಂದುಬಿಟ್ಟೆ. ಹುಡುಗಿ ಮರುಮಾತಾಡದೆ ಲೋಟವನ್ನೆತ್ತಿಕೊಂಡು ಒಳಗೆ ಹೋದಳು.

ಆ ರಾತ್ರಿ ನನ್ನ ಮಾತು ನನ್ನನ್ನೇ ಚುಚ್ಚತೊಡಗಿತು. ಮೂವತ್ತು ವರ್ಷಗಳ ಕಾಲ ಕನ್ನಡ ಪಾಠ ಹೇಳಿದವನು ನಾನು. ಕುರ್ಚಿ ಅರಬ್ಬಿಯಿಂದ ಬಂತು, ಅಲಮಾರು ಪೋರ್ಚುಗೀಸರಿಂದ ಬಂತು, ಬಂದ ಮಾತು ಆಡುತ್ತ ಆಡುತ್ತ ನಮ್ಮದಾಗುತ್ತದೆ ಎಂದು ತರಗತಿ ತರಗತಿಗೂ ಸಾರಿದವನು. ಆಡುವ ನಾಲಗೆಗೆ ಒಪ್ಪಿದ ನ್ಯಾಯವನ್ನು ಉಣ್ಣುವ ನಾಲಗೆಗೆ ಏಕೆ ನಿರಾಕರಿಸಿದೆ? ಈ ಪ್ರಶ್ನೆಯ ಬೆನ್ನು ಹತ್ತಿ ಆ ಪಾನೀಯದ ಚರಿತ್ರೆಯನ್ನು ಓದಿದೆ. ಓದಿದ್ದರಲ್ಲಿ ಮುಖ್ಯವಾದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಧಾರವಾಡದ ಕಡೆಯವರು ಚಹಾ ಎನ್ನುತ್ತಾರೆ, ಮೈಸೂರಿನ ಕಡೆಯವರು ಟೀ ಎನ್ನುತ್ತಾರೆ. ಎರಡೂ ಚೀನದ ಒಂದೇ ಲಿಪಿಚಿಹ್ನೆಯ ಎರಡು ಉಚ್ಚಾರಣೆಗಳು. ಚೀನದ ಬಹುಭಾಗದಲ್ಲಿ ಅದು 'ಚಾ'; ಫೂಜಿಯನ್ ಪ್ರಾಂತದ ದಕ್ಷಿಣ ಕರಾವಳಿಯಲ್ಲಿ 'ತೇ'. ಈ 'ತೇ'ಯನ್ನು ಯೂರೋಪಿಗೆ ಒಯ್ದವರು ಡಚ್ ವರ್ತಕರು. ಅದೇ ಡಚ್ಚರು 1624ರಿಂದ 1662ರವರೆಗೆ ಆ ಕರಾವಳಿಯ ಎದುರಿಗಿರುವ ತೈವಾನ್ ದ್ವೀಪದಲ್ಲಿ ಕೋಟೆ ಕಟ್ಟಿಕೊಂಡಿದ್ದರು. ತೈವಾನಿನ ಬಹುಪಾಲು ಜನರ ಪೂರ್ವಿಕರು ಫೂಜಿಯನ್ನಿನಿಂದ ಕಡಲು ದಾಟಿ ಬಂದವರಾದ್ದರಿಂದ ಇಂದಿಗೂ ಅಲ್ಲಿಯ ಮನೆಮಾತಿನಲ್ಲಿ ಚಹಾ ಎಂದರೆ 'ತೇ'. ನಾನು ದಿನವೂ ಎರಡು ಹೊತ್ತು ಕೇಳಿ ಕುಡಿಯುವ ಟೀ ಆ ಸೀಮೆಯ ಮಾತೇ ಆಗಿತ್ತು.

ತೈವಾನಿಗೆ ಚಹಾ ಹೊಸದೇನೂ ಅಲ್ಲ. 1869ರಲ್ಲಿ ಜಾನ್ ಡಾಡ್ ಎಂಬ ಬ್ರಿಟಿಷ್ ವರ್ತಕ ಅಲ್ಲಿನ ಊಲಾಂಗ್ ಚಹಾವನ್ನು ಎರಡು ಹಡಗುಗಳಲ್ಲಿ ನೇರವಾಗಿ ನ್ಯೂಯಾರ್ಕಿಗೆ ಕಳುಹಿಸಿದ. ಅಂದಿನಿಂದ ಅದು ಲೋಕದ ಪೇಟೆಯಲ್ಲಿ ಹೆಸರಾಯಿತು. 1895ರಿಂದ 1945ರವರೆಗೆ ದ್ವೀಪವು ಜಪಾನಿನ ಆಳ್ವಿಕೆಯಲ್ಲಿತ್ತು. ಆ ಆಳರಸರು 1920ರ ದಶಕದಲ್ಲಿ ನಮ್ಮ ಅಸ್ಸಾಮಿನ ಚಹಾ ತಳಿಯನ್ನು ತರಿಸಿ, ದ್ವೀಪದ ನಡುವಣ ಸೂರ್ಯಚಂದ್ರ ಸರೋವರದ ಸುತ್ತಲಿನ ಬೆಟ್ಟಗಳಲ್ಲಿ ಬೆಳೆಸಿದರು. ಹಾಲನ್ನೂ ಸಕ್ಕರೆಯನ್ನೂ ಎದುರಿಸಿ ನಿಲ್ಲಬಲ್ಲ ಗಡುಸು ಈ ಎಲೆಯದು.

ಇನ್ನು ತಳದ ಕಪ್ಪು ಉಂಡೆ. ಅಲ್ಲಿಯವರು ಅದನ್ನು 'ಫೆನ್ ಯುವಾನ್' ಎನ್ನುತ್ತಾರೆ. ಹಿಟ್ಟಿನ ಗುಂಡು ಎಂದು ಅರ್ಥ ಮಾಡಬಹುದು. ಮರಗೆಣಸಿನ ಪಿಷ್ಟದಿಂದ ಮಾಡಿದ ಈ ಗುಂಡುಗಳನ್ನು ಚಹಾಕ್ಕೆ ಹಾಕುವ ಮುನ್ನವೇ ಪಾಕದೊಡನೆ, ತುರಿದ ಮಂಜಿನೊಡನೆ ತಿನ್ನುವುದು ಅಲ್ಲಿ ರೂಢಿಯಲ್ಲಿತ್ತು. ಮರಗೆಣಸಿನ ತವರು ದಕ್ಷಿಣ ಅಮೆರಿಕ. ಟ್ಯಾಪಿಯೋಕ ಎಂಬ ಹೆಸರೇ ಬ್ರೆಜಿಲಿನ ತೂಪಿ ಜನರ ಮಾತು. ಅದನ್ನು ಕಡಲಾಚೆಗೆ ಸಾಗಿಸಿದವರು ಪೋರ್ಚುಗೀಸರು.

ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮಡಿಚಿಟ್ಟು ನಕ್ಕೆ. ಏಕೆಂದರೆ ನಮ್ಮ ಸಬ್ಬಕ್ಕಿಯೂ ಈ ಗೆಡ್ಡೆಯ ಮಗುವೇ. ಮೂಲದ ಸಾಗೋ ಮಲಯ ದ್ವೀಪಗಳ ಒಂದು ತಾಳೆಜಾತಿಯ ಮರದ ತಿರುಳು; ಆ ಹೆಸರೂ ಮಲಯ ಭಾಷೆಯದು. ನಮ್ಮ ಅಂಗಡಿಗಳಲ್ಲಿ ಸಿಕ್ಕುವುದು ಮರಗೆಣಸಿನದು. ತಿರುವಾಂಕೂರಿನಲ್ಲಿ ಈ ಬೆಳೆಗೆ ಪ್ರೋತ್ಸಾಹ ಕೊಟ್ಟವರು 1880ರಿಂದ 1885ರವರೆಗೆ ಆಳಿದ ಮಹಾರಾಜ ವಿಶಾಖಂ ತಿರುನಾಳ್. ಎರಡನೆಯ ಮಹಾಯುದ್ಧದಲ್ಲಿ ಮಲಯದಿಂದ ಬರುತ್ತಿದ್ದ ಸರಕು ನಿಂತುಹೋದಾಗ ಸೇಲಂ ಸೀಮೆಯಲ್ಲಿ ಸಬ್ಬಕ್ಕಿಯ ಉದ್ಯಮ ತಲೆಯೆತ್ತಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಏಕಾದಶಿಯಂದು ಅನ್ನವನ್ನು ಬಿಟ್ಟು, ಶುದ್ಧವೆಂದು ಸಬ್ಬಕ್ಕಿ ತಿನ್ನುವ ನಾವು ಬ್ರೆಜಿಲಿನ ಗೆಡ್ಡೆಯನ್ನು ತಿನ್ನುತ್ತಿದ್ದೇವೆ! "ನಮ್ಮದಲ್ಲದ್ದು" ಎಂದು ಯಾವುದನ್ನು ನೂಕಿದ್ದೆನೋ ಅದು ನನ್ನ ತಾಯಿ ಮಾಡುತ್ತಿದ್ದ ಪಾಯಸದಲ್ಲಿತ್ತು.

ಈ ಎರಡು ಪ್ರವಾಹಗಳು ಕೂಡಿದ್ದು 1980ರ ದಶಕದ ತೈವಾನಿನಲ್ಲಿ. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಎಂಬ ಚಹಾ ಮಂದಿರದ ಸ್ಥಾಪಕ ಲಿಯು ಹಾನ್ ಚಿಯೆ, ಜಪಾನಿನಲ್ಲಿ ಕಾಫಿಯನ್ನು ತಣ್ಣಗೆ ಕೊಡುವುದನ್ನು ಕಂಡು, ಚಹಾವನ್ನೇಕೆ ಹಾಗೆ ಕೊಡಬಾರದೆಂದು ಯೋಚಿಸಿದರು. ಮಂಜುಗಡ್ಡೆಯೊಡನೆ ಮುಚ್ಚಿದ ಪಾತ್ರೆಯಲ್ಲಿ ಕುಲುಕಿದಾಗ ಚಹಾ ನೊರೆಯೇಳುತ್ತದೆ. 'ಬಬಲ್' ಎಂದರೆ ಮೊದಲು ಈ ನೊರೆಯ ಗುಳ್ಳೆಯೇ ಹೊರತು ತಳದ ಉಂಡೆಯಲ್ಲ. ಅದೇ ಮಂದಿರದ ಲಿನ್ ಹ್ಸಿಯು ಹುಯಿ ಎಂಬಾಕೆ ದಶಕದ ಕೊನೆಯ ಭಾಗದಲ್ಲಿ, ಸಭೆಯೊಂದರಲ್ಲಿ ಕುಳಿತಿದ್ದಾಗ ತಮ್ಮ ತಿನಿಸಾದ ಫೆನ್ ಯುವಾನನ್ನು ತಣ್ಣನೆಯ ಅಸ್ಸಾಂ ಚಹಾಕ್ಕೆ ಸುರಿದುಕೊಂಡರು, ರುಚಿಯಾಯಿತು. ಇದು ಒಂದು ಪಕ್ಷ. ತೈನಾನ್ ನಗರದ ಹಾನ್‌ಲಿನ್ ಚಹಾ ಮಂದಿರದ ತು ತ್ಸೊಂಗ್ ಹೆ ಅವರದು ಇನ್ನೊಂದು ಪಕ್ಷ: 1986ರಲ್ಲಿ ಮಾರುಕಟ್ಟೆಯಲ್ಲಿ ಬಿಳಿಯ ಗುಂಡುಗಳನ್ನು ಕಂಡು ಚಹಾಕ್ಕೆ ಹಾಕಿದವರು ತಾವು, ಅವು ಮುತ್ತಿನಂತೆ ಕಂಡದ್ದರಿಂದಲೇ 'ಮುತ್ತಿನ ಚಹಾ' ಎಂಬ ಹೆಸರು. ವ್ಯಾಜ್ಯ ನ್ಯಾಯಾಲಯವನ್ನೇರಿ ಹತ್ತು ವರ್ಷ ನಡೆಯಿತು. 2019ರಲ್ಲಿ ನ್ಯಾಯಾಲಯ ಹೇಳಿದ ತೀರ್ಮಾನದ ಸಾರವಿಷ್ಟು: ಇದು ಯಾರು ಬೇಕಾದರೂ ಮಾಡಬಹುದಾದ ಪಾನೀಯ, ಮೊದಲಿಗರು ಯಾರೆಂಬ ಚರ್ಚೆ ಅನಗತ್ಯ.

ಯಾರು ಬೇಕಾದರೂ ಎಂದ ಮೇಲೆ ನನ್ನ ಮೊಮ್ಮಗಳೂ ಸೇರಿದಳಷ್ಟೆ. ಮರುದಿನ ಬೆಳಿಗ್ಗೆ ನಾನೇ ಅಡಿಗೆಮನೆಗೆ ಹೋಗಿ, ನಿನ್ನೆ ಆಡಿದ್ದು ತಪ್ಪು ಮಾತು, ಇನ್ನೊಮ್ಮೆ ಮಾಡಿ ತೋರಿಸುವೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಗುಮಾನ ಮಾಡಿ, ಕೊನೆಗೆ ಒಪ್ಪಿದಳು.

120 ಗ್ರಾಂ ಮರಗೆಣಸಿನ ಹಿಟ್ಟಿಗೆ 60 ಗ್ರಾಂ ಬೆಲ್ಲ, 70 ಮಿಲಿಲೀಟರಿನಷ್ಟು ನೀರು. ಬೆಲ್ಲದ ನೀರು ಕೊತಕೊತನೆ ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿಯಬೇಕು. ಗುಟ್ಟೆಲ್ಲ ಇರುವುದು ಇಲ್ಲಿ: ಬಿಸಿ ತಗುಲಿದ ಪಿಷ್ಟ ಅರಳಿ ಅಂಟಾಗುತ್ತದೆ, ಕಣಕ ಕೈಗೆ ಬರುತ್ತದೆ. ಬಿಸಿ ಸಾಲದಿದ್ದರೆ ಹಿಟ್ಟು ಒಂದು ಕ್ಷಣ ಗಟ್ಟಿ, ಮರುಕ್ಷಣ ನೀರು. ನಾನು ಸುರಿದಾಗ ಹಾಗೆಯೇ ಆಗಿ ಬೆರಳ ಸಂದಿಯಲ್ಲಿ ಹರಿದುಹೋಯಿತು. ನಾದಿದ ಕಣಕವನ್ನು ಕಡಲೆಕಾಳಿನ ಗಾತ್ರದ ಉಂಡೆಗಳಾಗಿ ಹೊಸೆದು, ಒಣಹಿಟ್ಟಿನಲ್ಲಿ ಹೊರಳಿಸಿ, ಹತ್ತು ಪಾಲು ಕುದಿಯುವ ನೀರಿಗೆ ಬಿಡಬೇಕು. ತೇಲಿದ ಮೇಲೂ ಇಪ್ಪತ್ತು ನಿಮಿಷ ಬೇಯಿಸಿ, ಮುಚ್ಚಿ ಅಷ್ಟೇ ಹೊತ್ತು ಬಿಟ್ಟು, ತಣ್ಣೀರಿನಲ್ಲಿ ಅದ್ದಿ, ಬೆಲ್ಲದ ಪಾಕಕ್ಕೆ ಹಾಕಬೇಕು. ಚಹಾ ದಟ್ಟವಾಗಿರಲಿ; ಮಂಜುಗಡ್ಡೆ ಕರಗಿ ಅದನ್ನು ತೆಳುವಾಗಿಸುತ್ತದೆ. ಹಾಲು ಸೇರಿಸಿ ಮುಚ್ಚಳದ ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ ಸುರಿದರೆ ಆಯಿತು.

ಈ ಉಂಡೆಗೆ ಆಯುಸ್ಸು ಕೆಲವೇ ಗಂಟೆ. ತಂಪುಪೆಟ್ಟಿಗೆಯಲ್ಲಿಟ್ಟರಂತೂ ಪಿಷ್ಟ ಮತ್ತೆ ಬಿಗಿದು ಒಳಗೆ ಸುಣ್ಣದ ಹರಳಿನಂತಾಗುತ್ತದೆ. ಮಾಡಿದ ದಿನವೇ, ಮಾಡಿದವರೊಡನೆಯೇ ಕುಳಿತು ಕುಡಿಯಬೇಕು. 2020ರ ಏಪ್ರಿಲಿನಲ್ಲಿ ಸಾಂಕ್ರಾಮಿಕದ ಕಾರಣ ಸಿಂಗಪುರದಲ್ಲಿ ಇದರ ಅಂಗಡಿಗಳು ಮುಚ್ಚುವವೆಂದು ತಿಳಿದೊಡನೆ ಜನ ರಾತ್ರಿ ಸಾಲುಗಟ್ಟಿ ನಿಂತದ್ದೇಕೆಂದು ಈಗ ಅರ್ಥವಾಗುತ್ತದೆ. ಕೂಡಿಡಬಹುದಾದ ಪದಾರ್ಥವಲ್ಲ ಇದು. ಹದವಾಗಿ ಬೆಂದ ಉಂಡೆ ಹಲ್ಲಿಗೆ ಮೊದಲು ಮಣಿದು, ಆಮೇಲೆ ಪುಟಿಯುತ್ತದೆ. ಆ ಗುಣಕ್ಕೆ ತೈವಾನಿನವರು 'ಕ್ಯೂ' ಎಂಬ ಒಂದೇ ಅಕ್ಷರದ ಹೆಸರಿಟ್ಟಿದ್ದಾರೆ. ಅದಕ್ಕೆ ಸರಿಸಮನಾದ ಕನ್ನಡ ಶಬ್ದವನ್ನು ಹುಡುಕುತ್ತ ನಾನು ನಿಧಾನವಾಗಿ ಅಗಿದೆ. ನನ್ನ ವಯಸ್ಸಿನವರು ನಿಧಾನವಾಗಿ ಅಗಿಯುವುದೇ ಕ್ಷೇಮ.

ಕುಡಿದಾದ ಮೇಲೆ, ಇದನ್ನು ಕನ್ನಡದಲ್ಲಿ 'ಮುತ್ತಿನ ಚಹಾ' ಎನ್ನೋಣವೆಂದು ನಾನು ಸೂಚಿಸಿದೆ. ಮೊಮ್ಮಗಳು ಬಬಲ್ ಟೀಯನ್ನು ಬಿಟ್ಟುಕೊಡಲಿಲ್ಲ. ನಮ್ಮ ವಾದ ನಡೆದಿರುವಾಗ ನನ್ನ ಹೆಂಡತಿ ಒಳಗಿನಿಂದ, "ಆ ಸಬ್ಬಕ್ಕಿ ಟೀ ನನಗೂ ಒಂದು ಲೋಟ ಇಟ್ಟಿದ್ದೀರೋ ಇಲ್ಲವೋ?" ಎಂದು ಕೂಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಸಬ್ಬಕ್ಕಿ ಟೀ.